ಸುರಪುರ ಸಿಡಿಲಿನ ಮಣ್ಣಿಗೆ ಹೋಗಿಬಂದದ್ದು

ಕಥೆ ಬರೆಯುವವನಿಗೆ ಕಥೆ ಹುಟ್ಟುವುದು ನಿಂತರೆ ಯಾವ ಡಾಕ್ಟರಿಗೆ ತೋರಿಸಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ. ಹೊಟ್ಟೆನೋವಿಗೆ ಶಹಾಪುರದಲ್ಲೇ ಔಷಧ ಸಿಗುತ್ತದೆ, ಮೊಣಕಾಲಿಗೆ ಯಾದಗಿರಿಗೆ ಹೋದರಾಯಿತು, ಅದಕ್ಕೂ ಬಗ್ಗದಿದ್ದರೆ ಕಲಬುರಗಿ ಇದ್ದೇ ಇದೆ. ಆದರೆ ಬಿಳಿ ಹಾಳೆಯ ಮುಂದೆ ತಾಸುಗಟ್ಟಲೆ ಕುಳಿತು ಪೆನ್ನಿನ ಟೊಪ್ಪಿಗೆ ಕಚ್ಚುವ ಬೇನೆಗೆ ಚೀಟಿ ಬರೆದುಕೊಡುವವರು ಎಲ್ಲಿಯೂ ಇಲ್ಲ. ಮನೆಯವರಂತೂ ಇದನ್ನೊಂದು ಬೇನೆಯೆಂದೇ ಒಪ್ಪುವುದಿಲ್ಲ. “ಬರೀಲಾಕ ಬರವಲ್ದಂದ್ರ ಬಿಡ್ರಿ. ಅದಕ್ಕ ಯಾರರ ಅಳ್ತಾರೇನು?” ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಯಾರೂ ಅಳುವುದಿಲ್ಲ ಎಂಬುದೇ ನನ್ನ ದುಃಖ ಎಂದು ಆಕೆಗೆ ಹೇಗೆ ತಿಳಿಸುವುದೋ ಗೊತ್ತಿಲ್ಲ.

ಶಹಾಪುರದ ಬಜಾರಿನಲ್ಲಿ ನನ್ನದೊಂದು ಭಾಂಡೆ ಅಂಗಡಿ ಇದೆ. ಸ್ಟೀಲು, ಹಿತ್ತಾಳೆ, ಕೊಡ, ತಂಬಿಗೆ, ಪರಾತ, ಮದುವೆಗೆ ಉಡುಗೊರೆ ಕೊಡುವ ಸೆಟ್ಟು ಎಲ್ಲವೂ ಸಿಗುತ್ತವೆ. ಕೊಂಡ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುವುದು ನಮ್ಮಲ್ಲಿಯ ಪದ್ಧತಿ. ಆ ಸಣ್ಣ ಮಷೀನನ್ನು ಹಿಡಿದು ಕಿರ್ರೆಂದು ಅಕ್ಷರ ಕೊರೆಯುವ ಕೆಲಸವನ್ನು ನಾನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ಹೀಗಾಗಿ ಈ ಕಡೆಯ ಎಷ್ಟೋ ಮನೆಗಳಲ್ಲಿ ಜನ ದಿನಾಲೂ ನೀರು ಕುಡಿಯುತ್ತ ನನ್ನ ಬರವಣಿಗೆ ಓದುತ್ತಾರೆ. ನನ್ನ ಕಥೆಗಳಿಗೆ ಅಷ್ಟು ಓದುಗರು ಇದ್ದಂತಿಲ್ಲ. ಆದರೂ ಬೆಂಗಳೂರಿನ ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕದಲ್ಲಿ ಮಾತ್ರ ಪ್ರತಿ ವರ್ಷ ನನ್ನದೊಂದು ಕಥೆ ಬರುತ್ತಿತ್ತು. ಜೊತೆಗೊಂದು ಫೋಟೋ. ಮದುವೆಯಾದ ಹೊಸದರಲ್ಲಿ ತೆಗೆಸಿ ಕಳಿಸಿದ್ದನ್ನೇ ಅವರು ಈಗಲೂ ಹಾಕುತ್ತಾರೆ. ತಲೆತುಂಬ ಕೂದಲು, ಗತ್ತಿನ ಮೀಸೆ. ಆ ಫೋಟೋದವನು ಎದುರಿಗೆ ಬಂದರೆ ಯಾರೋ ಸಾಹೇಬರಿರಬೇಕೆಂದು ನಾನೇ ನಮಸ್ಕಾರ ಮಾಡಿಬಿಟ್ಟೇನು. ವರ್ಷಕ್ಕೊಮ್ಮೆ ಆ ಅಂಕವನ್ನು ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಎದ್ದು ಕಾಣುವಂತೆ ಇಟ್ಟುಕೊಂಡು ಕೂಡುವ ಸುಖವೊಂದೇ ನನ್ನನ್ನು ಪಾತ್ರೆ ಮಾರುವ ಉಳಿದವರಿಂದ ಬೇರೆ ಮಾಡಿತ್ತು.

ಈ ಸಲ ಆ ಪತ್ರಿಕೆಗೆ ಹೊಸ ಸಂಪಾದಕರು ಬಂದರು. ಫೋನು ಮಾಡಿ ಬಹಳ ಮರ್ಯಾದೆಯಿಂದ ಮಾತನಾಡಿದರು. ಮರ್ಯಾದೆ ಹೆಚ್ಚಾದಷ್ಟೂ ನನಗೆ ಸಂಶಯ ಹೆಚ್ಚಾಯಿತು. “ಸರ್, ನಿಮ್ಮ ಹಳೆಯ ಕಥೆಗಳನ್ನೆಲ್ಲ ಓದಿದೆ. ಪ್ರತಿಯೊಂದರಲ್ಲೂ ಕೊನೆಗೆ ಯಾರಾದರೂ ತೀರಿಕೊಂಡು ಊರೆಲ್ಲ ಸೇರಿ ಮಣ್ಣು ಮಾಡ್ತಾರೆ. ಇವತ್ತಿನ ಹುಡುಗರು ಇದನ್ನ ಓದೋದಿಲ್ಲ. ಇಂಟರ್‌ನೆಟ್ಟಿನಲ್ಲಿ, ಗೇಮುಗಳಲ್ಲಿ, ಅಭಿಮಾನಿ ಬಳಗಗಳಲ್ಲಿ ಎಷ್ಟೊಂದು ಕಥೆಗಳಿವೆ ಗೊತ್ತಾ? ಅಲ್ಲಿಂದ ಏನಾದರೂ ತನ್ನಿ, ಹಾಕೋಣ” ಎಂದರು. ತರದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಲ್ಲ ಕಥೆಯಲ್ಲೂ ಸಾವು ಎಂಬ ಆರೋಪವನ್ನು ಆಮೇಲೆ ಕುಳಿತು ಪರೀಕ್ಷಿಸಿದೆ. ಒಂದರಲ್ಲಿ ಯಾರೂ ಸತ್ತಿರಲಿಲ್ಲ, ಎಮ್ಮೆ ಸತ್ತಿತ್ತು.

ಇಂಟರ್‌ನೆಟ್ಟಿಗೆ ನನಗೆ ದಾರಿ ತೋರಿಸಿದವಳು ಮಗಳು ಪಲ್ಲವಿ. ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಾಳೆ, ಅಲ್ಲೇ ಹಾಸ್ಟೆಲಿನಲ್ಲಿದ್ದಾಳೆ. ರಜೆಗೆ ಬಂದಾಗ ನನ್ನ ಫೋನನ್ನು ಕೈಗೆ ತೆಗೆದುಕೊಂಡು, “ಅಪ್ಪಾ, ಇದ್ರಾಗ ಬರೇ ಗುಡ್ ಮಾರ್ನಿಂಗ್ ಹೂವ ತುಂಬ್ಯಾವಲ್ಲ, ಕಥಿ ಎಲ್ಲಿಂದ ಬರ್ಬೇಕು” ಎಂದು ಅವನ್ನೆಲ್ಲ ಅಳಿಸಿ ಜಾಗ ಮಾಡಿದಳು. ಮೊದಲು ಒಬ್ಬ ಸಿನಿಮಾ ನಟನ ಅಭಿಮಾನಿಗಳ ಗುಂಪಿಗೆ ಸೇರಿಸಿದಳು, ನ್ಯಾಯವಾಗಿರಲೆಂದು ಅವನ ಎದುರಾಳಿ ನಟನ ಗುಂಪಿಗೂ ಸೇರಿಸಿದಳು. ಎರಡೂ ಕಡೆ ಬೆಳಗಿನಿಂದ ಸಂಜೆಯವರೆಗೆ ಜಗಳ. ಯಾರ ಕಟೌಟು ಎತ್ತರ, ಯಾರಿಗೆ ಸುರಿದ ಹಾಲು ಹೆಚ್ಚು, ಯಾರ ಸಿನಿಮಾ ಮೊದಲು ಮಕಾಡೆ ಮಲಗಿತು. ಗಿರಾಕಿಗಳ ನಡುವೆ ಜಗಳ ಹತ್ತಿದರೆ ಬಿಡಿಸಿ ರೂಢಿಯಾದವನು ನಾನು. ಎರಡೂ ಗುಂಪಿನಲ್ಲಿ, “ಇಬ್ಬರೂ ಒಳ್ಳೆಯವರೇ, ಇಬ್ಬರಿಗೂ ಹೆಂಡರು ಮಕ್ಕಳಿದ್ದಾರೆ, ಹೊಂದಿಕೊಂಡು ಹೋಗೋಣ” ಎಂದು ಬರೆದೆ. ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ಗುಂಪಿನವರು ನನ್ನನ್ನು ಹೊರಗೆ ಹಾಕಿದ್ದರು. ಅವರೆಲ್ಲ ಒಮ್ಮತಕ್ಕೆ ಬಂದದ್ದು ಬಹುಶಃ ಅದೊಂದೇ ವಿಷಯದಲ್ಲಿ.

ಆಮೇಲೆ ಗೇಮು. ವಿಮಾನದಿಂದ ಜಿಗಿದು, ಯಾವುದೋ ಬಯಲಿನಲ್ಲಿ ಇಳಿದು, ಕಂಡವರನ್ನೆಲ್ಲ ಹೊಡೆಯುವ ಆಟ. ಪಲ್ಲವಿ ನನಗೊಂದು ಐಡಿ, ಅಂದರೆ ಆಟದೊಳಗಿನ ಖಾತೆ, ಮಾಡಿಕೊಟ್ಟು, ಸುರಪುರ, ಶಹಾಪುರದ ಹುಡುಗರೇ ಕಟ್ಟಿಕೊಂಡಿದ್ದ ‘ಸಗರನಾಡು ಸೈನ್ಯ’ ಎಂಬ ತಂಡಕ್ಕೆ, ನಮ್ಮಪ್ಪ ಕಥೆ ಬರೆಯುವವರು ಎಂದು ಹೇಳಿ ಸೇರಿಸಿ ಹಾಸ್ಟೆಲಿಗೆ ಹೋದಳು. ನನಗೋ ಇಳಿದ ಕೂಡಲೇ ಎದುರಿಗೆ ಕಂಡ ಮನೆಯೊಳಗೆ ಹೋಗಿ ಅಡುಗೆಮನೆ ನೋಡುವ ಚಪಲ. ಅಲ್ಲಿ ಒಂದು ತವಾ ಬಿದ್ದಿತ್ತು. ಇಡೀ ಆಟದಲ್ಲಿ ನನಗೆ ಪರಿಚಯವಿದ್ದ ವಸ್ತು ಅದೊಂದೇ. ಎತ್ತಿಕೊಂಡು, ದಪ್ಪ ಎಷ್ಟಿರಬಹುದು, ಹಿಡಿಕೆಗೆ ರಿವೆಟ್ ಹೊಡೆದಿದ್ದಾರೋ ಬೆಸೆದಿದ್ದಾರೋ ಎಂದು ಹೊರಳಿಸಿ ನೋಡುತ್ತಿರುವಾಗ ಯಾರೋ ಹಿಂದಿನಿಂದ ಬಂದು ಗುಂಡು ಹಾಕಿದರು. ಪ್ರತಿ ಸಲವೂ ಹೀಗೇ ಆಯಿತು. ಆಡುತ್ತಲೇ ಫೋನಿನಲ್ಲಿ ತಂಡದವರು ಬೈಯತೊಡಗಿದಾಗ ಒಂದು ದನಿ ಮಾತ್ರ, “ಏ, ಕಾಕಾಗ ಯಾರೂ ಏನೂ ಅನ್ನಬ್ಯಾಡ್ರಿ. ಕಾಕಾ, ನೀವು ನನ್ನ ಹಿಂದ ಬರ್ರಿ” ಎಂದಿತು. ಅವನೇ ಸುರಪುರ ಸಿಡಿಲು. ಆಟದೊಳಗಿನ ಹೆಸರು ಅದು. ನಿಜವಾದ ಹೆಸರು ಕೇಳುವ ರೂಢಿ ಅಲ್ಲಿಲ್ಲ. ಅವನು ಆಡುವುದನ್ನು ನೋಡಲೆಂದೇ ಊರೂರಿನಿಂದ ಹುಡುಗರು ಫೋನು ಹಿಡಿದು ಕೂಡುತ್ತಿದ್ದರು. ಗಡಿಯಂಚಿನ ಗುರುಮಠಕಲ್ಲಿನ ಕಡೆಯವರು ತೆಲುಗಿನಲ್ಲಿ ಜೈಕಾರ ಹಾಕುತ್ತಿದ್ದರು. ನಾನು ಅವನ ಬೆನ್ನ ಹಿಂದೆ ತವಾ ಹಿಡಿದು ಓಡುತ್ತಿದ್ದೆ.

ಇವನ ಮೇಲೆ ಕಥೆ ಬರೆಯಬೇಕೆಂದು ಕುಳಿತೆ. ಬರಲಿಲ್ಲ. ಅವನು ಓಡುತ್ತಾನೆ, ಹೊಡೆಯುತ್ತಾನೆ, ಗೆಲ್ಲುತ್ತಾನೆ. ಮರುದಿನ ಮತ್ತೆ ಓಡುತ್ತಾನೆ. ಇದರಲ್ಲಿ ಕಥೆ ಎಲ್ಲಿಂದ ಹುಟ್ಟಬೇಕು? ವಿಶೇಷಾಂಕಕ್ಕೆ ಕಳಿಸಬೇಕಾದ ದಿನ ಹತ್ತಿರ ಬಂತು. ತಂಬಿಗೆಯ ಮೇಲೆ ಹೆಸರು ಕೊರೆಯುವಾಗಲೂ ಅಕ್ಷರ ತಪ್ಪತೊಡಗಿದವು. ಈ ವರ್ಷ ಗಲ್ಲೆಯ ಪಕ್ಕ ಇಡುವುದಕ್ಕೆ ಏನೂ ಇರುವುದಿಲ್ಲ, ಮುಂದಿನ ವರ್ಷ ಯಾರೂ ಕೇಳುವುದೂ ಇಲ್ಲ, ಅಲ್ಲಿಗೆ ನನ್ನೊಳಗಿನ ಲೇಖಕನ ಕಥೆ ಮುಗಿಯಿತು ಎಂದು ಒಳಗೊಳಗೇ ಕುಸಿದುಹೋದೆ. ಊಟ ಸೇರಲಿಲ್ಲ. ಶಾಂತಾ ಪಿತ್ತವಾಗಿರಬೇಕೆಂದು ಜೀರಿಗೆ ಕಷಾಯ ಮಾಡಿಕೊಟ್ಟಳು.

ಅಂಥ ಒಂದು ಬೆಳಗಿನಲ್ಲಿ ಅಂಗಡಿಯ ಕದ ತೆಗೆದು ಊದುಬತ್ತಿ ಹಚ್ಚುತ್ತಿದ್ದಾಗ ಸೈನ್ಯದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಒಬ್ಬ ಎಳೆಯ ಹುಡುಗನ ಫೋಟೋ, ಸುತ್ತ ಹಾರ, ಎರಡೂ ಬದಿಗೆ ಉರಿಯುವ ದೀಪ. ‘ನಮ್ಮೆಲ್ಲರ ಪ್ರೀತಿಯ ಸುರಪುರ ಸಿಡಿಲು ಇಂದು ನಮ್ಮನ್ನು ಅಗಲಿದ್ದಾರೆ. ಮಣ್ಣು ಸಂಜೆ ನಾಲ್ಕಕ್ಕೆ, ಅವರ ಸ್ವಗೃಹದಲ್ಲಿ’ ಎಂದು ಬರೆದು ಓಣಿಯ ವಿಳಾಸ ಕೊಟ್ಟಿದ್ದರು. ಕೆಳಗೆ ಅಳುವ ಮುಖಗಳ ಸಾಲು. ಒಬ್ಬ, ‘ಕಂಪನಿಯವ್ರು ಅನ್ಯಾಯ್ದಾಗ ಕೊಂದ್ರಲ್ಲೋ’ ಎಂದು ಬರೆದಿದ್ದ. ಪಾಪ, ಯಾವ ಕಂಪನಿಯಲ್ಲಿ ದುಡಿಯುತ್ತಿದ್ದನೋ, ಏನು ಕಿರುಕುಳ ಕೊಟ್ಟರೋ ಎಂದುಕೊಂಡೆ. ಕಾಕಾ ನನ್ನ ಹಿಂದ ಬರ್ರಿ ಎಂದ ದನಿ ಕಿವಿಯಲ್ಲೇ ಇತ್ತು. ಪಲ್ಲವಿಗೆ ಫೋನು ಮಾಡಿದೆ. ಆಕೆ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿದ್ದಳು, ಫೋನು ಬಂದ್ ಆಗಿತ್ತು.

ಗುಂಪಿನಲ್ಲಿ ಬೇರೆ ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನಮ್ಮ ಕಡೆ ಹಾಗೆ ಕೇಳುವುದಿಲ್ಲ. ಮದುವೆಗೆ ಕರೆದರೂ ಏನಾದರೊಂದು ನೆವ ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ಮಣ್ಣಿಗೆ, ಅಂದರೆ ಸತ್ತವರ ಅಂತ್ಯಕ್ರಿಯೆಗೆ, ಕರೆಯದಿದ್ದರೂ ಹೋಗಬೇಕು. ಸುದ್ದಿ ಬಂದ ಮೇಲೆ ಖರೆ ಏನು, ಹೇಗಾಯಿತು, ಯಾವಾಗಾಯಿತು ಎಂದು ಫೋನಿನಲ್ಲಿ ವಿಚಾರಿಸುವುದು ಬರಲಾರದವನ ಲಕ್ಷಣ. ಎದ್ದು ಹೋಗಬೇಕು, ಆ ಮನೆಯ ಕಟ್ಟೆಯ ಮೇಲೆ ಕೂಡಬೇಕು, ಮಾತು ಆಮೇಲೆ. ಆದರೂ ಒಂದು ಮಾತು ಇರಲಿ ಎಂದು ಅಂಗಡಿಯ ಕದ ಹಾಕಿ, ಮನೆಗೆ ಹೋಗಿ ಶಾಂತಾಳನ್ನು ಕೇಳಿದೆ. “ಮಾರಿ ನೋಡ್ಲಾರದವ್ರಾದ್ರೇನು, ಕಾಕಾ ಅಂತ ಕರ್ದಾನಿಲ್ಲೋ? ಹೋಗಿ ಮಣ್ಣು ಕೊಟ್ಟು ಬರ್ರಿ. ಎಳೀ ಜೀವ ಅಂತೀರಿ” ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಗಡಿಯ ಕದ ಹಾಕಿ, ಬಸ್‌ಸ್ಟ್ಯಾಂಡಿನ ಬಳಿ ದೊಡ್ಡದೊಂದು ಹಾರ ಕೊಂಡು ಸುರಪುರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಅವನಿಗಾಗಿಯೇ ಮರುಗಿದೆ. ಊರು ದಾಟಿ ಹತ್ತಿಯ ಹೊಲಗಳು ಬರುವಷ್ಟರಲ್ಲಿ ಮನಸ್ಸು, ‘ಇದು ಕಥೆ’ ಎಂದಿತು. ಛೀ ಎಂದೆ. ಅದು ಛೀ ಎನ್ನಿಸಿಕೊಂಡು ಸುಮ್ಮನಾಗುವ ಮನಸ್ಸಲ್ಲ. ಇಂಟರ್‌ನೆಟ್ಟೂ ಇದೆ, ಗೇಮೂ ಇದೆ, ಅಭಿಮಾನಿಗಳೂ ಇದ್ದಾರೆ, ಕೊನೆಗೆ ನನಗೆ ಬರುವ ಮಣ್ಣೂ ಇದೆ. ಸುರಪುರದ ಗುಡ್ಡ ಕಾಣುವ ಹೊತ್ತಿಗೆ ಮೊದಲ ವಾಕ್ಯ ಸಿದ್ಧವಾಗಿತ್ತು. ಚೆನ್ನಾಗಿಯೂ ಇತ್ತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ನನ್ನ ಕಣ್ಣಲ್ಲಿ ನೀರು ಕಂಡು, “ಭಾಳ ಹತ್ತಿರದವ್ರಾ ಯಪ್ಪಾ?” ಎಂದು ಕೇಳಿದಳು. ಹೌದವ್ವಾ ಎಂದೆ.

ವಿಳಾಸ ಹಿಡಿದು ಗುಡ್ಡದ ಬದಿಯ ಓಣಿ ಹತ್ತಿದೆ. ಮನೆಯ ಮುಂದೆ ಜನವಿರಲಿಲ್ಲ, ಚಟ್ಟವೂ ಇರಲಿಲ್ಲ. ನಾನೇ ಮೊದಲು ಬಂದಿದ್ದೇನೆ ಎಂದುಕೊಂಡೆ. ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ದುಃಖ ತಡೆಯಲಾರದೆ ಕೈಗೆ ಕೆಲಸ ಹಚ್ಚಿಕೊಂಡಿದ್ದಾಳೆ, ತಾಯಿಯೇ ಇರಬೇಕು ಎನಿಸಿತು. ಚಪ್ಪಲಿ ದೂರ ಬಿಟ್ಟು ಹಾರ ಹಿಡಿದು ಮುಂದೆ ನಿಂತು, “ಆಗಬಾರದ್ದು ಆಗಿಹೋಯ್ತು ಯವ್ವಾ. ಎದಿ ಗಟ್ಟಿ ಮಾಡ್ಕೋ” ಎಂದೆ.

ಆಕೆ ಮೊರ ಕೆಳಗಿಟ್ಟಳು. “ಯಾರ್ರೀ ನೀವು? ಏನಾಗ್ಯಾದ?”

“ನಿನ್ನ ಮಗ ಯವ್ವಾ. ಫೋಟೋ ನೋಡಿ ಶಹಾಪುರದಿಂದ ಬಂದೀನಿ. ಇಂಥಾ ವಯಸ್ಸಿನ್ಯಾಗ ಹೋಗಬಾರದಿತ್ತು.”

“ಎಲ್ಲಿಗಿ ಹೋಗ್ಯಾನ? ಒಳಗ ಉಣ್ಣಾಕತ್ಯಾನಲ್ಲ.”

ಒಳಗಿನಿಂದ ಒಬ್ಬ ಹುಡುಗ ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದ. ಹಾರದ ಫೋಟೋದಲ್ಲಿದ್ದವನೇ. ಬಾಯಲ್ಲಿ ರೊಟ್ಟಿ ಇತ್ತು. ನನ್ನ ದನಿಯಿಂದಲೇ ಗುರುತು ಹಿಡಿದು, “ಕಾಕಾ, ನೀವಾ? ಬರ್ರಿ, ಕುಂದರ್ರಿ” ಎಂದ. ತಾಯಿ ಅವನ ಮೈಯನ್ನು ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಆಕೆ ನನಗೆ ಅಂದದ್ದೆಲ್ಲವನ್ನೂ ಇಲ್ಲಿ ಬರೆಯಲಾರೆ. ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡೆ. ಕೊನೆಗೆ ಆಕೆಗೇ ಸಾಕಾಗಿ, “ಹೋಗ್ಲಿ ಬಿಡು. ಸತ್ತಾನಂತ ಸುಳ್ಳ ಸುದ್ದಿ ಬಂದ್ರ ಆಯುಷ್ಯ ಬೆಳೀತದಂತ. ಕುಂದರ್ರಿ, ಚಾ ಮಾಡ್ತೀನಿ” ಎಂದು ಒಳಗೆ ಹೋದಳು.

ವಿಷಯ ಇಷ್ಟು. ಸತ್ತದ್ದು ಹುಡುಗನಲ್ಲ, ಅವನ ಐಡಿ. ಆಟ ನಡೆಸುವ ಕಂಪನಿಯವರು ಅದನ್ನು ಕಾಯಮ್ಮಾಗಿ ಮುಚ್ಚಿದ್ದರು. ಗುಂಪಿನವರೆಲ್ಲ ಸೇರಿ ಅದಕ್ಕೊಂದು ಮಣ್ಣು ಮಾಡೋಣ, ವಿಡಿಯೋ ತೆಗೆಯೋಣ ಎಂದು ಸುದ್ದಿ ಹಾಕಿದ್ದರು. ಅದು ಆಟವೆಂದು ಗುಂಪಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. “ಯಾಕಪ್ಪಾ ಮುಚ್ಚಿದ್ರು?” ಎಂದೆ. ಹುಡುಗ ತಲೆ ತಗ್ಗಿಸಿದ. ಅವನ ಹೆಸರು ಮಲ್ಲಿಕಾರ್ಜುನ, ನೀರೆತ್ತುವ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಕೆಲಸ. “ಮಂದಿ ಒಂದಿನ ಆಡಿ ಕೊಡ್ತೀನಿ ಅಂತ ಐಡಿ ಕೇಳ್ತಿದ್ರು ಕಾಕಾ. ಕೊಡ್ತಿದ್ದೆ. ಗೆಳೆಯಾರು, ಗೆಳೆಯಾರ ಗೆಳೆಯಾರು. ಮನೀಗಿ ಬಂದು ಕೇಳಿದವ್ರಿಗಿ ಇಲ್ಲ ಅನ್ನಾಕ ಹ್ಯಾಂಗ ಬರ್ತದ್ರಿ? ಇಷ್ಟು ಫೋನಿನ್ಯಾಗ ನಡದದ ಅಂದ್ರ ಐಡಿ ಮಾರ್ಕೊಂಡೀ ಅಂತ ತಿಳಕೊಂಡು ಬಂದ್ ಮಾಡಿದ್ರು.” ನಾನೇನು ಹೇಳಲಿ? ಲಗ್ನಕ್ಕೆಂದು ಓಣಿಯವರು ನನ್ನ ಅಂಗಡಿಯಿಂದ ದೊಡ್ಡ ಪಾತೇಲಿ ಒಯ್ಯುತ್ತಾರೆ, ನಾನೂ ಇಲ್ಲ ಎಂದವನಲ್ಲ. ಅವು ನೆಗ್ಗಿ ಬಂದರೂ ಮರಳಿ ಬರುತ್ತವೆ, ಅಷ್ಟೇ ವ್ಯತ್ಯಾಸ.

“ದಿನಾ ಹಗಲೆಲ್ಲ ತಾಮ್ರದ ತಂತಿ ಸುತ್ತತೀನಿ ಕಾಕಾ,” ಎಂದ ಹುಡುಗ. “ಯಾರೂ ನನ್ನ ಹೆಸರು ಹಿಡದು ಕರೆಂಗಿಲ್ಲ, ಮೋಟಾರ್ ಆಯ್ತೇನು ಅಂತ ಕೇಳ್ತಾರ. ಅಲ್ಲಿ ಒಂದೀಟು ಸಿಡಿಲು ಆಗಿದ್ದೆ.” ಅವನ ದನಿ ಒಡೆಯಿತು. ಅಷ್ಟರಲ್ಲಿ ಸೈನ್ಯದವರು ಒಬ್ಬೊಬ್ಬರಾಗಿ ಬಂದು ಸೇರಿದ್ದರು. ನಗುತ್ತ ಬಂದವರು ಅವನ ಮುಖ ನೋಡಿ ಕಟ್ಟೆಯ ಬದಿಗೆ ಕುಳಿತರು. ನಾನು ಎಲ್ಲರಿಗಿಂತ ಹಿರಿಯನೆಂದು ಅವನು ನನ್ನನ್ನೇ ಕೇಳಿದ: “ಕಾಕಾ, ನೀವು ಬರಿಯಾವ್ರು. ಕಂಪನಿಗಿ ಚೊಲೋತ್ನಂಗ ಒಂದು ಅರ್ಜಿ ಬರದ್ರ ತಿರುಗಿ ಕೊಡ್ತಾರೇನ್ರಿ?”

ಆ ಕ್ಷಣಕ್ಕೆ ನನ್ನ ಕಣ್ಣೆದುರಿಗೆ ಕಂಪನಿ ಬರಲಿಲ್ಲ, ಬೆಂಗಳೂರಿನ ಸಂಪಾದಕರು ಬಂದರು. ವರ್ಷಕ್ಕೊಮ್ಮೆ ನಾನೂ ಒಂದಿಷ್ಟು ಸಿಡಿಲಾಗಿದ್ದೆ. ಉಳಿದ ದಿನಗಳಲ್ಲಿ ಪರಾತ ಎಷ್ಟು, ಕೊಡ ಎಷ್ಟು ಎಂದು ಕೇಳುವವರೇ. ನನ್ನ ಬಾಗಿಲನ್ನೂ ಯಾರೋ ದೂರದಲ್ಲಿ ಕುಳಿತು ಮರ್ಯಾದೆಯಿಂದ ಮುಚ್ಚುತ್ತಿದ್ದಾರೆ ಎನ್ನಿಸಿತು. “ಇಲ್ಲಪ್ಪಾ. ಮುಗೀತ್ ತಗೋ” ಎಂದೆ. ಎಂದವನೇ ಹಾರವನ್ನು ಎದೆಗೊತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಹುಡುಗನೇ ನನ್ನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು. ಅಲ್ಲಿದ್ದ ಅಷ್ಟೂ ಫೋನುಗಳು ನನ್ನ ಕಡೆ ತಿರುಗಿದ್ದನ್ನು ನಾನು ಗಮನಿಸಲಿಲ್ಲ.

ಮನೆಗೆ ಬಂದರೆ ಶಾಂತಾ ಬಾಗಿಲಲ್ಲೇ ಕೊಡ ನೀರಿಟ್ಟುಕೊಂಡು ನಿಂತಿದ್ದಳು. ಯಾರೂ ಸತ್ತಿಲ್ಲ ಎಂದು ಎಲ್ಲವನ್ನೂ ವಿವರಿಸಿದೆ. ಕೇಳಿ ಹೌಹಾರಿದಳು, ಆದರೂ ದಾರಿ ಬಿಡಲಿಲ್ಲ. “ಸತ್ತಾರೋ ಬಿಟ್ಟಾರೋ ನನಗ್ಗೊತ್ತಿಲ್ಲ. ಮಣ್ಣಿಗಂತ ಹೋಗೀರಿ, ಮೈ ತೊಳಕೊಂಡೇ ಒಳಗ ಬರ್ರಿ” ಎಂದಳು. ಅಂಗಳದಲ್ಲಿ ತಣ್ಣೀರು ಹೊಯ್ದುಕೊಂಡೆ. ಅಷ್ಟರಲ್ಲಿ ಪಲ್ಲವಿಯ ಫೋನು ಬಂತು. ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ. “ಅಪ್ಪಾ, ನೀ ವಾಟ್ಸಾಪಿನ್ಯಾಗ ಸ್ಟಿಕ್ಕರ್ ಆಗೀಯಲ್ಲೋ. ನಮ್ಮ ಹಾಸ್ಟೆಲ್ಲಿನಾಗ ಎಲ್ಲಾರ ಫೋನಿನ್ಯಾಗೂ ನೀನೇ ಅದೀ” ಎಂದಳು. ಹಾರ ತಬ್ಬಿಕೊಂಡು ಅಳುವ ಬೋಳುತಲೆಯ ನನ್ನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ‘ಮುಗೀತ್ ತಗೋ’. ಪರೀಕ್ಷೆ ಕೆಟ್ಟರೆ ನಾನು, ಕರೆಂಟು ಹೋದರೆ ನಾನು, ಮ್ಯಾಚು ಸೋತರೆ ನಾನು. ಒಂದು ವಾರದಲ್ಲಿ ನನ್ನ ಗಿರಾಕಿಗಳೇ ನನಗೆ ಅದನ್ನು ಕಳಿಸತೊಡಗಿದರು. ಮನೆಯಲ್ಲಿ ಗ್ಯಾಸು ತೀರಿದರೆ ಶಾಂತಾ ಈಗ ಬಾಯಿಬಿಟ್ಟು ಹೇಳುವುದಿಲ್ಲ, ಅಂಗಡಿಯಲ್ಲಿರುವ ನನಗೆ ನನ್ನನ್ನೇ ಕಳಿಸುತ್ತಾಳೆ.

ಈ ಅವಮಾನದ ನಡುವೆಯೇ ಕುಳಿತು ಕಥೆ ಬರೆದು ಮುಗಿಸಿದೆ. ನಡೆದದ್ದನ್ನು ನಡೆದಂತೆ ಬರೆದರೆ ಸಾಹಿತ್ಯವಾಗುವುದಿಲ್ಲ ಎನ್ನಿಸಿತು. ಹಾರ ಹಿಡಿದು ಬಂದ ಮುದುಕನನ್ನು ತೆಗೆದುಹಾಕಿದೆ. ಜೋಳ ಹಸನು ಮಾಡುವ ತಾಯಿಯನ್ನು ಉಳಿಸಿಕೊಂಡೆ, ಹುಡುಗನನ್ನು ನಿಜವಾಗಿಯೇ ಸಾಯಿಸಿದೆ, ಊರೆಲ್ಲ ಸೇರಿ ಮಣ್ಣು ಮಾಡಿದರು. ಬಸ್ಸಿನಲ್ಲಿ ಹೊಳೆದ ಮೊದಲ ವಾಕ್ಯವೂ ಬಂತು. ಓದಿಕೊಂಡಾಗ ನನಗೇ ಕಣ್ಣು ತುಂಬಿತು. ವಿಶೇಷಾಂಕಕ್ಕೆ ಕಳಿಸಿ ಕಾದೆ.

ಮೊನ್ನೆ ಸಂಪಾದಕರ ಉತ್ತರ ವಾಟ್ಸಾಪಿನಲ್ಲಿ ಬಂತು. ‘ಸರ್, ಇದರಲ್ಲೂ ಕೊನೆಗೆ ಸಾವೇ ಆಯಿತಲ್ಲ. ಕ್ಷಮಿಸಿ, ಈ ಸಲ ಹಾಕಲು ಆಗುತ್ತಿಲ್ಲ.’ ಅದರ ಬೆನ್ನಿಗೇ, ಬೇಸರ ಕಡಿಮೆಯಾಗಲೆಂದೋ ಏನೋ, ಒಂದು ಸ್ಟಿಕ್ಕರು. ಹಾರ ತಬ್ಬಿಕೊಂಡು ನಾನು ಅಳುತ್ತಿದ್ದೆ. ಮುಗೀತ್ ತಗೋ. ಅವರಿಗೆ ಗೊತ್ತಿದ್ದದ್ದು ತಲೆತುಂಬ ಕೂದಲಿನ, ಗತ್ತಿನ ಮೀಸೆಯ ಆ ಸಾಹೇಬ ಮಾತ್ರ.

ಗಲ್ಲೆಯ ಮುಂದೆ ಕುಳಿತು ಬಹಳ ಹೊತ್ತು ಅದನ್ನೇ ನೋಡಿದೆ. ಇಷ್ಟು ವರ್ಷ ಬರೆದದ್ದರಲ್ಲಿ ಯಾವುದೂ ಯಾರ ಬಾಯಲ್ಲೂ ನಿಲ್ಲಲಿಲ್ಲ. ನಿಂತದ್ದು ಈ ಎರಡು ಪದ, ಅವನ್ನೂ ನಾನು ಬರೆದದ್ದಲ್ಲ. ಅಷ್ಟರಲ್ಲಿ ಸಂಪಾದಕರ ಇನ್ನೊಂದು ಸಂದೇಶ ಬಂತು. ‘ಅಂದಹಾಗೆ, ಈ ಸ್ಟಿಕ್ಕರಿನ ಮುದುಕ ನಿಮ್ಮ ಕಡೆಯವರೇ ಅಂತೆ. ಯಾರು, ಯಾಕೆ ಅಳುತ್ತಿದ್ದಾರೆ, ಏನು ಕಥೆಯೋ ಯಾರಿಗೂ ಗೊತ್ತಿಲ್ಲ. ಅವರನ್ನು ಹುಡುಕಿ ಮಾತಾಡಿಸಿ ಒಂದು ಬರಹ ಕೊಟ್ಟರೆ ಮೊದಲ ಪುಟಗಳಲ್ಲೇ ಹಾಕುತ್ತೇನೆ.’

ಮನೆಗೆ ಹೋಗಿ ಶಾಂತಾಳಿಗೆ ತೋರಿಸಿದೆ. ಆಕೆ ಒಳಗೆ ಹೋದಳು, ಅಲ್ಲಿಂದ ನಗುವ ಸದ್ದು ಕೇಳಿಸಿತು. ನಾನು ಕನ್ನಡಕ ಒರೆಸಿಕೊಂಡು, ಆ ಮನುಷ್ಯ ಒಮ್ಮೆ ಸುರಪುರದ ಒಂದು ಮಣ್ಣಿನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದನೆಂದೂ, ಸ್ವಭಾವ ಬಹಳ ಬಿಗಿಯಾದ್ದರಿಂದ ಬಾಯಿ ಬಿಡಿಸುವುದು ಕಷ್ಟವೆಂದೂ, ಸ್ವಲ್ಪ ಕಾಲಾವಕಾಶ ಕೊಟ್ಟರೆ ಪ್ರಯತ್ನಿಸುವೆನೆಂದೂ ಬರೆದು ಕಳಿಸಿದೆ.